ಹಸಿ ಗಾರೆ

ಗಾಜು ಒಡೆದಿರಲಿಲ್ಲ. ಎರ್ಸಿಲಿಯಾ ನೆಮ್ಮದಿಯ ಉಸಿರು ಬಿಟ್ಟಳು. ಇಟಲಿಯ ಫೆರಾರಾ ಊರಿನ ಹಳೆಯ ಮಠವೊಂದರ ಊಟದ ಮನೆಯಲ್ಲಿದ್ದ ಆ ಪುಟ್ಟ ಚಿತ್ರ ಸಂಗ್ರಹಾಲಯಕ್ಕೆ ಅವಳೇ ಮುಖ್ಯಸ್ಥೆ. ಗೋಡೆಯ ಮೇಲೆ ಬರೆದಿದ್ದ ಯೇಸುವಿನ ಕೊನೆಯ ಭೋಜನದ ಚಿತ್ರವನ್ನು ಸೀಳಿಕೊಂಡು ಬಿರುಕೊಂದು ಇಳಿದಿತ್ತು. ಕೆಲವು ತಿಂಗಳ ಹಿಂದೆ ಎಂಜಿನಿಯರುಗಳು ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಗಾರೆ ಹಚ್ಚಿ ಕೂರಿಸಿ, "ಇದು ಒಡೆದ್ರೆ ಗೋಡೆ ಸರೀತಿದೆ ಅಂತ ಅರ್ಥ. ಅವತ್ತೇ ಬಾಗಿಲು ಹಾಕಿಬಿಡಿ" ಎಂದು ಹೇಳಿ ಹೋಗಿದ್ದರು.

"ಊಟಕ್ಕೆ ಕೂತ ಸಂತರು ಅರ್ಧಕ್ಕೇ ಎದ್ದು ಹೋಗ್ತಾರಾ ಸಿಗ್ನೋರಾ?" ಎಂದು ಮುದಿ ಕಾವಲುಗಾರ ಒರೆಸ್ತೆ ನಕ್ಕ. ಅವಳೂ ನಗುತ್ತಾ ಗಾಜಿನ ಧೂಳು ಒರೆಸಲು ಕೈ ಚಾಚಿದಳು. ಧೂಳೇ ಇರಲಿಲ್ಲ. ಅಂಚಿನ ಗಾರೆಗೆ ತಾಗಿದ ಬೆರಳು ಮೆತ್ತಗೆ ಒಳಗಿಳಿಯಿತು.

"ಒರೆಸ್ತೆ, ಇದು ಇನ್ನೂ ಹಸಿ ಇದೆಯಲ್ಲ!"

ಅವನ ಮುಖ ಬಿಳಿಚಿಕೊಂಡಿತು. "ಬೆಳಿಗ್ಗೆ ಒಡೆದಿತ್ತು. ಬೇರೆ ಗಾಜು ಹಾಕ್ದೆ. ಒಂದ್ಸಲ ಬಾಗಿಲು ಹಾಕಿದ್ರೆ ಈ ಬಡ ಮ್ಯೂಸಿಯಮ್ಮನ್ನ ಮತ್ತೆ ಯಾರು ತೆಗೀತಾರೆ, ನೀವೇ ಹೇಳಿ?"

"ಇದೊಂದೇ ಸಲಾನಾ?"

ಅವನು ತಲೆ ತಗ್ಗಿಸಿದ.

ಗೋಡೆಯ ಬುಡದ ಬೆಂಚಿನಲ್ಲಿ ವಯಸ್ಸಾದ ಗಂಡ ಹೆಂಡತಿ ಕೂತು ಚಿತ್ರವನ್ನು ನೋಡುತ್ತಿದ್ದರು. ಎರ್ಸಿಲಿಯಾಗೆ ಕೂಗಿಕೊಳ್ಳಬೇಕೆನಿಸಿತು. ಆದರೆ ಕೂಗಿದರೆ ಗೋಡೆಗೆ ಕೇಳಿಬಿಡುತ್ತದೇನೋ ಎಂಬ ಅಳುಕು. ಸದ್ದಿಲ್ಲದೆ ಹೋಗಿ ಮುದುಕಿಯ ಕೈ ಹಿಡಿದಳು.

"ಬನ್ನಿ ಅಮ್ಮಾ, ಇಬ್ಬರೂ ಹೊರಗೆ ಬನ್ನಿ."

"ಈಗ ತಾನೆ ಬಂದು ಕೂತ್ವಲ್ಲಮ್ಮಾ!" ಎಂದು ಮುದುಕಿ ನಗುತ್ತಾ ಮುಖ ಎತ್ತಿದಳು. ಅವಳ ಕಪ್ಪು ಕೋಟಿನ ಹೆಗಲ ಮೇಲೆ ಸಣ್ಣಗೆ, ಬಿಡದೆ, ಸುಣ್ಣದ ಪುಡಿ ಉದುರುತ್ತಿತ್ತು.