ನಲವತ್ತೆರಡನೇ ಮನೆ

ಪರೀಕ್ಷೆಗೆಂದು ಹಾಕಿದ ಹೊಸ ಸೈರನ್ ಕಿವಿ ಕಿತ್ತುಹೋಗುವ ಹಾಗೆ ಕೂಗಿತು. ಐದು ಮಹಡಿಯ ಜನ ಮಕ್ಕಳನ್ನು ಎತ್ತಿಕೊಂಡು, ಗೊಣಗಿಕೊಳ್ಳುತ್ತಾ ಮೆಟ್ಟಿಲಿಳಿದು ಅಂಗಳಕ್ಕೆ ಬಂದರು. ಗಂಟೆಯಕ್ಕ ಗಡಿಯಾರ ನೋಡಿದಳು. ನಾಲ್ಕು ನಿಮಿಷ! ಇಪ್ಪತ್ತು ವರ್ಷ ಬೆಂಕಿಯ ಎಚ್ಚರಿಕೆ ಗಂಟೆ ಕೂರಿಸುವ ಕೆಲಸ ಮಾಡಿ ಈ ಅಡ್ಡಹೆಸರು ಗಳಿಸಿದವಳು ಅವಳು. ಈ ಹಳೇ ಕಟ್ಟಡದಲ್ಲಿ ಇದ್ದದ್ದು ತುಕ್ಕು ಹಿಡಿದ ಒಂದೇ ಒಂದು ಗಂಟೆ. ಈಗ ಹೊಸ ನಿಯಮದಂತೆ ಮನೆಮನೆಗೂ ಹೊಗೆ ಕಂಡುಹಿಡಿಯುವ ಡಬ್ಬಿ, ಮಹಡಿ ಮಹಡಿಗೂ ಸೈರನ್ ಕೂರಿಸಿದ್ದಳು. ನಾಳಿದ್ದು ಅಗ್ನಿಶಾಮಕ ದಳದ ಅಧಿಕಾರಿ ಬಂದು ಸೈ ಎನ್ನುವುದೊಂದೇ ಬಾಕಿ.

ತಲೆ ಎಣಿಸಿದಳು. "ನಲವತ್ತೊಂದು ಮನೆಯವರು ಬಂದಿದ್ದಾರೆ. ಇನ್ನೊಂದು ಮನೆ?"

"ಅದು ಮೂರನೇ ಮಹಡಿಯ ಟೈಲರಮ್ಮ," ಎಂದರು ಸಂಘದ ಕಾರ್ಯದರ್ಶಿ. "ಅವರಿಗೆ ಕಿವಿ ಕೇಳಿಸಲ್ಲ. ಬಿಡಿ."

"ಬಿಡಿ ಅಂದ್ರೆ?"

"ಎಲ್ಲರಿಗೂ ಗೊತ್ತಿರೋ ವಿಷಯಾನೇ. ಏನಾದ್ರೂ ಆದ್ರೆ ಯಾರಾದ್ರೂ ಕರೀತಾರೆ."

ಗಂಟೆಯಕ್ಕ ನೆರೆದವರನ್ನೆಲ್ಲ ಒಮ್ಮೆ ನೋಡಿದಳು. "ಈಗ ಕರೆದವರು ಯಾರು?"

ಅವಳು ಎರಡೆರಡು ಮೆಟ್ಟಿಲು ಹತ್ತಿ ಮೇಲೆ ಓಡಿದಳು.

ಬಾಗಿಲು ಅರೆ ತೆರೆದಿತ್ತು. ಹೊರಗೆ ಸೈರನ್ ಇನ್ನೂ ಬೊಬ್ಬೆ ಹೊಡೆಯುತ್ತಿದ್ದರೆ, ಒಳಗೆ ಟೈಲರಮ್ಮ ಬೆನ್ನು ಹಾಕಿ ಕುಳಿತು ತಣ್ಣಗೆ ಒಂದು ಕಾಲರ್ ಹೊಲಿಯುತ್ತಿದ್ದಳು. ಹೆಗಲು ಮುಟ್ಟಿದಾಗ ಬೆಚ್ಚಿಬಿದ್ದಳು. ಜ್ವರವೊಂದು ಅವಳ ಕಿವಿಯನ್ನು ಕಿತ್ತುಕೊಂಡು ಹನ್ನೆರಡು ವರ್ಷವಾಗಿತ್ತು. ಮಾತು ಮಾತ್ರ ಉಳಿದಿತ್ತು, ಅದೂ ಅಗತ್ಯಕ್ಕಿಂತ ಜೋರಾಗಿ. ಗಂಟೆಯಕ್ಕ ಅವಳ ಸೀಮೆಸುಣ್ಣವನ್ನೇ ತೆಗೆದುಕೊಂಡು ಕಪ್ಪು ಬಟ್ಟೆಯ ಮೇಲೆ ಬರೆದಳು: ಸೈರನ್ ಕೂಗ್ತಿದೆ.

"ಹೌದಾ? ಹೇಗಿದೆ ಸದ್ದು?" ಎಂದು ಕೇಳಿದಳು ಟೈಲರಮ್ಮ, ಆಸೆಯಿಂದ.

ಗಂಟೆಯಕ್ಕ ತುಟಿ ಓದಲಿ ಎಂದು ನಿಧಾನವಾಗಿ ಹೇಳಿದಳು. "ಕರ್ಣಕಠೋರ."

ಟೈಲರಮ್ಮ ನಕ್ಕುಬಿಟ್ಟಳು. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ನನ್ನೊಬ್ಬಳಿಗೋಸ್ಕರ ಕೆಲಸ ಕೆಡಿಸ್ಕೋಬೇಡ, ಮಗಳೇ," ಎಂದಳು.

"ಕೆಲಸ ಆಗಲೇ ಕೆಟ್ಟಿದೆಯಮ್ಮಾ. ಸರಿ ಮಾಡೋಕೇ ಬಂದಿದ್ದೀನಿ."

ಹಿಂದೆಯೇ ಏದುಸಿರು ಬಿಡುತ್ತಾ ಬಂದ ಕಾರ್ಯದರ್ಶಿ ಕೈ ಹಿಸುಕಿಕೊಂಡರು. "ಯಾವ ಮನೇಲಿ ಯಾರಿದ್ದಾರೆ ಅಂತ ಆ ಅಧಿಕಾರಿ ಕೇಳೋದೂ ಇಲ್ಲ ಕಣಮ್ಮ!"

"ಅವರು ಕೇಳದಿದ್ರೆ ನಾನೇ ಹೇಳ್ತೀನಿ. ಕೆಲಸ ಮುಗೀತು ಅಂತ ಬರೆದುಕೊಡಬೇಕಾದವಳು ನಾನು ತಾನೇ?"

ಮಾರನೇ ದಿನ ಅವಳು ಹೊಲಿಗೆ ಯಂತ್ರದ ಎದುರಿನ ಗೋಡೆಗೊಂದು, ಅಡುಗೆಮನೆಗೊಂದು, ಸೈರನ್ ಕೂಗಿದೊಡನೆ ಮಿಣುಕುವ ದೀಪ ಕೂರಿಸಿದಳು. ಮಲಗಿದಾಗಲೂ ಎಚ್ಚರವಾಗಲಿ ಎಂದು ದಿಂಬಿನ ಕೆಳಗೆ ಗಡಗಡ ನಡುಗುವ ಬಿಲ್ಲೆಯೊಂದನ್ನಿಟ್ಟಳು. ಟೈಲರಮ್ಮ ದಿಂಬಿಗೆ ತಲೆಯಿಟ್ಟು, "ಹಲ್ಲೆಲ್ಲ ಉದುರಿಹೋಯ್ತಲ್ಲೇ!" ಎಂದು ಕೂಗಿ, ಇನ್ನೊಂದು ಸಲ ಗುಂಡಿ ಒತ್ತು ಎಂದಳು.

ಅಧಿಕಾರಿ ಬಂದ ಬೆಳಿಗ್ಗೆ ಕಾರ್ಯದರ್ಶಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲೇ ನಿಂತಿದ್ದರು. ಸೈರನ್ ಕೂಗಿತು. ಜನ ಇಳಿದರು. ನಾಲ್ಕು ನಿಮಿಷವಾಯಿತು. ನಲವತ್ತೇ ಮನೆ, ಈ ಸಲ ಎರಡು ಕಡಿಮೆ. ಟೈಲರಮ್ಮ ಬರಲಿಲ್ಲ.

ಕಾರ್ಯದರ್ಶಿ 'ನಾನು ಹೇಳಿರಲಿಲ್ವಾ' ಎನ್ನುವ ಹಾಗೆ ನೋಡಿದರು. ಗಂಟೆಯಕ್ಕ ಕಣ್ಣು ಕದಲಿಸದೆ ಮೆಟ್ಟಿಲ ಕಡೆಗೇ ನೋಡುತ್ತಾ ನಿಂತಳು. ದೀಪ ಉರಿದಿದೆ. ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಅಷ್ಟರಲ್ಲಿ ಟೈಲರಮ್ಮ ಬಂದಳು. ಕುತ್ತಿಗೆಯಲ್ಲಿ ಅಳತೆಪಟ್ಟಿ, ಕೈಯಲ್ಲಿ ಒಬ್ಬ ಗಂಡಸಿನ ಮಣಿಕಟ್ಟು. ಹಿಂದೆ ಹೊದಿಕೆ ಎಳೆದುಕೊಂಡು ಮುಗ್ಗರಿಸುತ್ತಾ ಬಂದವನು ಅವಳ ಎದುರು ಮನೆಯಲ್ಲಿರುವ, ಕಾರ್ಯದರ್ಶಿಯ ಭಾವಮೈದುನ. "ಬರೀ ಪರೀಕ್ಷೆ ಅಂತ ಮಲಗಿದ್ದೆ ಭಾವಾ..." ಎಂದು ಅವನು ತೊದಲಿದ.

ಟೈಲರಮ್ಮನಿಗೆ ಅದು ಕೇಳಿಸಲಿಲ್ಲ. ಕಾರ್ಯದರ್ಶಿಯತ್ತ ತಿರುಗಿ, ಇಡೀ ಅಂಗಳಕ್ಕೆ ಕೇಳಿಸುವ ಹಾಗೆ ಹೇಳಿದಳು: "ಬಾಗಿಲು ಬಡಿದೂ ಬಡಿದೂ ಕೈಯೆಲ್ಲ ಕೆಂಪಾಯ್ತು. ಪಾಪ, ಇವರಿಗೂ ಕಿವಿ ಕೇಳಿಸಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ, ಸ್ವಾಮಿ? ಇವರಿಗೂ ಒಂದು ದೀಪ ಹಾಕಿಸಿ."