ಮೇಲಿನ ಪದರ

ಮೂರನೆಯ ಪದರ ಪರದೆಯ ಮೇಲೆ ಮಸುಕಾಗಿ ಮೂಡಿದಾಗ ತಾನು ಮಾಡಿದ್ದೇನೆಂದು ಅವಳಿಗೆ ಹೊಳೆಯಿತು. ಲೇಸರ್‌ನಿಂದ ಗಾಜಿನೊಳಗೆ ಬೆಳಕಿನ ದಾರಿಗಳನ್ನು ಬರೆಯುವಾಗ ತೀರಾ ಕೆಳಗಿನ ಪದರವೇ ಮೊದಲಾಗಬೇಕು. ಮೇಲಿನದನ್ನು ಮೊದಲು ಬರೆದರೆ ಕಿರಣ ಆ ಗೆರೆಗಳನ್ನೇ ಹಾಯ್ದು ಇಳಿಯಬೇಕಾಗಿ ಚದುರಿಹೋಗುತ್ತದೆ. ಹೊಸಬರಿಗೆಲ್ಲ ಈ ಪಾಠ ಒಪ್ಪಿಸುತ್ತಿದ್ದವಳು ಅವಳೇ. ಇಂದು ದೊಡ್ಡಪ್ಪ ನೋಡಲು ಬಂದು ಕೂತ ಗಡಿಬಿಡಿಯಲ್ಲಿ, ಬಾಗಿಲಿನಿಂದ ನೆಲ ಒರೆಸುತ್ತಾ ಹೋಗಿ ಮೂಲೆಯಲ್ಲಿ ಸಿಕ್ಕಿಕೊಂಡವರ ಹಾಗೆ, ಮೇಲಿನಿಂದ ಶುರುಮಾಡಿದ್ದಳು.

ಆ ಗಾಜನ್ನು ಕರಗಿಸಿ, ಹನ್ನೊಂದು ದಿನ ನಿಧಾನವಾಗಿ ತಣಿಸಿದ್ದು ದೊಡ್ಡಪ್ಪ. ಅದೇ ಕೊನೆಯ ತುಂಡು. ಅವರ ಕುಲುಮೆಯನ್ನು ಸಂಸ್ಥೆಯವರು ಬೆಳಿಗ್ಗೆಯಷ್ಟೇ ಒಡೆದು ಹಾಕಿದ್ದರು. ಅದರ ಜೊತೆಗೇ ಅವರ ಕೆಲಸವೂ ಮುಗಿದಿತ್ತು.

"ಒಂದು ಗುಳ್ಳೆ ಇಲ್ಲ ನೋಡು," ಅಂದರು ಸ್ಟೂಲಿನ ಮೇಲಿಂದ. "ನಿನ್ನ ದೊಡ್ಡಮ್ಮನ ಜೊತೆ ಸಂಸಾರಾನೂ ಇಷ್ಟು ನಿಗಾ ಇಟ್ಟು ಮಾಡ್ಲಿಲ್ಲ ನಾನು."

ಅವಳಿಗೆ ನಗು ಬರಲಿಲ್ಲ. ಯಂತ್ರ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಅವಳ ಬೆರಳು ಹೋಗಿ ಕೂತಿತು. ಅವಳ ಪಾಠವನ್ನು ನೂರು ಸಲ ಕೇಳಿದ್ದ ದೊಡ್ಡಪ್ಪ ಮೊದಲು ಪರದೆಯನ್ನು, ಆಮೇಲೆ ಆ ಬೆರಳನ್ನು ನೋಡಿದರು.

"ಮೇಲಿಂದ ಬರೆದ್ಬಿಟ್ಯಾ?"

"ಹೂಂ ದೊಡ್ಡಪ್ಪ. ಪೂರಾ ಹೋಯ್ತು."

ಅವರು ಸ್ಟೂಲಿನಿಂದ ಎದ್ದು ಬಂದರು. ಅವಳ ಬೆರಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು.

"ನಿಲ್ಲಿಸ್ಬೇಡ ಮಗಳೇ. ಇನ್ನೂ ಎರಡು ಪದರ ಇದೆಯಲ್ಲ? ಅದು ನಿಂತ್ರೆ ನಾನು ಮನೆಗೆ ಹೋಗ್ಬೇಕಾಗುತ್ತೆ."