ಮಿಂಚದ ಬೂಟು

ಒಂದು ಮನೆತನದ ಮುಂದಿನ ಗತಿಯನ್ನೇ ತೀರ್ಮಾನಿಸಿದ ಘಟನೆಯಾದ್ದರಿಂದ ಇದನ್ನು ತುಸು ಗಂಭೀರವಾಗಿಯೇ ಹೇಳಬೇಕು: ಭಾನುವಾರ ಬೆಳಿಗ್ಗೆ ನಿವೃತ್ತ ಡ್ರಿಲ್ ಮೇಷ್ಟ್ರು, ಮಗಳು ಮೆಚ್ಚಿ ಮನೆಗೆ ಕರೆತಂದ ಹುಡುಗನ ಎಡಗಾಲಿನ ಬೂಟಿಗೆ ಪಾಲಿಶ್ ಹಾಕಿದರು.

ಹುಡುಗ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವನು. ಬೂಟನ್ನು ಹೊರಬಾಗಿಲಲ್ಲಿ ಬಿಟ್ಟು, ಒಳಗೆ ಅಡುಗೆಮನೆಯಲ್ಲಿ ಭಾವೀ ಅತ್ತೆಯ ಕನ್ನಡಕದ ಸ್ಕ್ರೂ ಬಿಗಿ ಮಾಡಿಕೊಡುತ್ತಿದ್ದ. ಅತ್ತೆ ಆಗಲೇ ಒಪ್ಪಿಯಾಗಿತ್ತು. ಮೇಷ್ಟ್ರು ಇನ್ನೂ ಹೂಂ ಅಂದಿರಲಿಲ್ಲ. ಅವರ ಪ್ರಕಾರ ಗಂಡಸಿನ ಗುಣ ಅವನ ಬೂಟಿನ ಮೂತಿಯಲ್ಲಿ ಗೊತ್ತಾಗುತ್ತದೆ. ಈ ಬೂಟಿನ ಮೂತಿಯೋ, ಬೂದಿಯಲ್ಲಿ ಹೊರಳಾಡಿ ಬಂದ ಹಾಗಿತ್ತು. ಇಲ್ಲ ಅನ್ನುವ ಮುಂಚೆ ಪಾಪ ಒಂದು ಅವಕಾಶ ಕೊಡೋಣವೆಂದು ಅವರು ಕಂದು ಪಾಲಿಶಿನ ಡಬ್ಬಿ ತೆಗೆದಿದ್ದರು.

ಹೊರಗೆ ಬಂದ ಮಗಳು ಬಾಗಿಲಲ್ಲೇ ನಿಂತಳು. "ಅಪ್ಪಾ, ಏನ್ ಮಾಡಿಬಿಟ್ರಿ?"

"ಸಹಾಯ ಮಾಡ್ದೆ. ಎಷ್ಟು ತಿಕ್ಕಿದ್ರೂ ಮಿಂಚಲ್ಲ ಅಂತೀನಿ. ಅರ್ಧ ಡಬ್ಬಿ ಕುಡಿದು ಸುಮ್ಮನೆ ಕೂತಿದೆ."

"ಅದು ಮಿಂಚೋ ಬೂಟಲ್ಲಪ್ಪ. ಸ್ವೇಡ್ ಅಂತಾರೆ, ರೋಮ ಇರೋ ಚರ್ಮ. ಅದು ಇರೋದೇ ಹಾಗೆ."

"ಮಿಂಚಲ್ಲ ಅಂತ ಗೊತ್ತಿದ್ದೂ ದುಡ್ಡು ಕೊಟ್ಟು ತಗೊಂಡ್ನಾ?" ಮೇಷ್ಟ್ರಿಗೆ ಹುಡುಗನ ಮೇಲಿದ್ದ ಅನುಮಾನ ಈಗ ಗಟ್ಟಿಯಾಯಿತು.

"ಅವನೇನೂ ಅಂದ್ಕೊಳಲ್ಲ ಬಿಡಿ. ಇಂಥದಕ್ಕೆಲ್ಲ ತಲೆ ಕೆಡಿಸ್ಕೊಳೋ ಪೈಕಿ ಅಲ್ಲ. ಅದಕ್ಕೇ ನಾನು ಒಪ್ಪಿದ್ದು."

ಅದು ನಿಜ. ಅವಳು ಬೆಳೆದದ್ದು ಹೊಳಪಿನಲ್ಲಿ. ಶಾಲೆಗೆ ಹೊರಡುವ ಮುಂಚೆ ಅಪ್ಪ ಅವಳ ಬೂಟಿನ ಮೂತಿಯಲ್ಲಿ ತಮ್ಮ ಮೀಸೆ ನೋಡಿಕೊಳ್ಳುತ್ತಿದ್ದರು; ಮೀಸೆ ಕಾಣದಿದ್ದರೆ ಬಸ್ಸು ತಪ್ಪಿದರೂ ಸರಿಯೆ, ಮತ್ತೆ ಉಜ್ಜಬೇಕು. ಕನ್ನಡಕದ ಅಂಗಡಿಯಲ್ಲಿ ಇವನನ್ನು ಕಂಡ ದಿನ ಅವಳು ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಯಾರ ಮುಖವೂ ಕಾಣದ ಅವನ ಬೂಟನ್ನು. ಇಂಥವನ ಜೊತೆ ಹಾಯಾಗಿ ಇದ್ದುಬಿಡಬಹುದು ಅನ್ನಿಸಿತ್ತು.

ಅಷ್ಟರಲ್ಲಿ ಅವನೇ ಹೊರಗೆ ಬಂದ. ಬೂಟು ನೋಡಿದ. ಅಪಘಾತದ ಜಾಗದಲ್ಲಿ ಗುಂಪನ್ನು ಸರಿಸಿಕೊಂಡು ಮುಂದೆ ಬರುವವರ ದನಿಯಲ್ಲಿ, "ಯಾರೂ ಮುಟ್ಟಬೇಡಿ," ಅಂದ. ಆಮೇಲೆ ನೆಲದ ಮೇಲೆ ಕೂತ.

"ಸರ್, ಪಾಲಿಶ್ ಮೇಣದ್ದಾ, ಕ್ರೀಮಾ?"

"ಮೇಣದ್ದು."

"ಬ್ರಶ್ ಯಾವ ಕಡೆಗೆ ಎಳೆದ್ರಿ?"

ತಮ್ಮ ಜೀವಮಾನದಲ್ಲಿ ಬೇರೆಯವರಿಗೆ ಮಾತ್ರ ಎಡ ಬಲ ಹೇಳಿದ್ದ ಮೇಷ್ಟ್ರು ತಡವರಿಸಿದರು. "ಕಡೆ ಅಂದ್ರೆ... ಎರಡೂ ಕಡೆ."

ಹುಡುಗ ಕಣ್ಣು ಮುಚ್ಚಿ ತೆರೆದ. ಹೆಗಲಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದ. ಒಳಗೆ ಮೃದು ಬ್ರಶ್, ಗಡುಸು ಬ್ರಶ್, ಮೂಲೆ ಸವೆದ ರಬ್ಬರ್. "ರೋಮ ಇದೆ ನೋಡಿ ಸರ್, ಒಂದೇ ಕಡೆ ಮಲಗಬೇಕು. ಕರುವಿನ ಕಿವಿ ಸವರಿದ ಹಾಗೆ ಸವರಬೇಕು. ಮೊದಲು ಮೇಣ ಎಳೀಬೇಕು. ಪೌಡರ್ ಇದೆಯಾ?"

"ನಿನ್ನ ಪೌಡರ್ ಡಬ್ಬಿ ತಗೊಂಬಾ," ಮೇಷ್ಟ್ರು ಮಗಳಿಗೆ ಹೇಳಿದರು, ಹುಡುಗನ ಪಕ್ಕದಲ್ಲಿ ಕೂರುತ್ತ.

ಅವಳು ತಂದಳು. ಮುಖಕ್ಕೆಂದು ತೆಗೆದಿಟ್ಟಿದ್ದ ಒಳ್ಳೆಯ ಪೌಡರು ಬೂಟಿನ ಪಾಲಾಯಿತು. ಆಮೇಲೆ ನೀರು ಕಾಯಿಸಲು ಕಳಿಸಿದರು. ಕುಡಿಯಲು ಅಲ್ಲ, ರೋಮ ಎಬ್ಬಿಸುವ ಹಬೆಗೆ. ಕೆಟಲ್ ಹಿಡಿದು ಬರುವ ಹೊತ್ತಿಗೆ ಇಬ್ಬರ ತಲೆಗಳೂ ಒಂದೇ ಬೂಟಿನ ಮೇಲೆ ಬಾಗಿದ್ದವು.

"ನುಬಕ್ ಅಂತ ಇನ್ನೊಂದು ಚರ್ಮ ಇದೆ ಮಾವ, ಅದು ಇದಕ್ಕಿಂತ ನಾಜೂಕು. ಬೆರಳು ಇಟ್ರೂ ಗುರುತು ಬೀಳುತ್ತೆ." 'ಸರ್' ಹೋಗಿ 'ಮಾವ' ಯಾವಾಗ ಬಂತೋ ಅವಳಿಗೆ ತಿಳಿಯಲಿಲ್ಲ.

"ಒದ್ದೆ ಆದ್ರೆ ಏನ್ ಮಾಡ್ತೀಯಪ್ಪ?"

"ಒಳಗೆ ಪೇಪರ್ ತುರುಕಿ ನೆರಳಲ್ಲಿ ಇಡೋದು. ಬಿಸಿಲು ತೋರಿಸಿದ್ರೆ ಕತೆ ಮುಗೀತು. ಅದಕ್ಕೇ ಮಳೆ ಬಂದ್ರೆ ನಾನು ಹೊರಗೇ ಹೋಗಲ್ಲ."

ಮಗಳು ಕೆಟಲ್ ಹಿಡಿದೇ ನಿಂತಳು. ಮಳೆ ಬಂದ ದಿನವೆಲ್ಲ ಅವನು ಶೀತ ಅಂತ ಹೇಳಿ ಸಿಗುತ್ತಿರಲಿಲ್ಲ. ಪಾಪ, ಎದೆ ಸೂಕ್ಷ್ಮ ಇರಬೇಕೆಂದು ಅವಳು ಅವನಿಗೊಂದು ಉಣ್ಣೆಯ ಮಫ್ಲರ್ ಹೆಣೆದುಕೊಟ್ಟಿದ್ದಳು.

"ಮನೇಲಿ ಬೇರೆ ಯಾರಾದ್ರೂ ಮುಟ್ಟಿದ್ರೆ?"

"ಮುಟ್ಟಲ್ಲ ಮಾವ, ಎಲ್ಲರಿಗೂ ಅಭ್ಯಾಸ ಮಾಡ್ಸಿದೀನಿ. ತಂಗಿ ಮೊದಮೊದಲು ಅಳ್ತಿದ್ಲು, ಈಗ ನನಗಿಂತ ಚೆನ್ನಾಗಿ ಬ್ರಶ್ ಮಾಡ್ತಾಳೆ. ಮದುವೆ ಆದ್ಮೇಲೆ ಇವಳಿಗೂ ಹೇಳ್ಕೊಡ್ತೀನಿ."

"ಇವಳ ಕೈ ಸ್ವಲ್ಪ ಭಾರ," ಮೇಷ್ಟ್ರು ತಗ್ಗಿದ ದನಿಯಲ್ಲಿ ಎಚ್ಚರಿಸಿದರು. "ಗದರಬೇಕಾಗುತ್ತೆ."

"ಗದರೋದ್ರಿಂದ ರೋಮ ಏಳಲ್ಲ ಮಾವ. ದಿನಾ ಕೂರಿಸಿ ಮಾಡಿಸ್ಬೇಕು ಅಷ್ಟೆ."

ಇಷ್ಟು ವರ್ಷ ಮೂರ್ಖರ ನಡುವೆ ಒಬ್ಬಂಟಿಯಾಗಿ ಬದುಕಿದವನಿಗೆ ಕೊನೆಗೂ ಸಂಗಾತಿ ಸಿಕ್ಕಾಗ ಮುಖ ಹೇಗಾಗುತ್ತದೋ ಮೇಷ್ಟ್ರ ಮುಖ ಹಾಗಾಗಿತ್ತು. "ಎಲ್ಲಿದ್ದೆಯಪ್ಪ ನೀನು ಇಷ್ಟು ದಿನ," ಅಂದರು. ಬಾಗಿಲಲ್ಲಿ ಕನ್ನಡಕ ಹಾಕಿಕೊಂಡು ನಿಂತಿದ್ದ ಹೆಂಡತಿ ಮಗಳ ಮುಖ ನೋಡಿದಳು. ಸ್ಕ್ರೂ ಚೆನ್ನಾಗಿ ಬಿಗಿಯಾಗಿತ್ತು. ಎಲ್ಲ ಸ್ಪಷ್ಟವಾಗಿ ಕಂಡಿತು. ಕೆಟಲನ್ನು ಅವಳ ಕೈಯಿಂದ ತೆಗೆದುಕೊಂಡಳು.

ಅಪ್ಪ ಆ ಮಧ್ಯಾಹ್ನವೇ ಒಪ್ಪಿಗೆ ಕೊಟ್ಟರು. ಮಗಳು ಮರುದಿನ ಬೇಡವೆಂದಳು. ಹುಡುಗ ಈಗಲೂ ಭಾನುವಾರ ಮೇಷ್ಟ್ರ ಬಳಿ ಬರುತ್ತಾನೆ, ಮಳೆ ಇಲ್ಲದಿದ್ದರೆ.